ಫಾದರನ್ನು ಕರೆಸುವ ಹೊತ್ತು

ಕಾಸರಗೋಡಿನ ಉತ್ತರ ಭಾಗದ ಒಂದು ಪಂಚಾಯತಿನಲ್ಲಿ, ಹಾಸಿಗೆ ಹಿಡಿದವರನ್ನು ಅವರ ಮನೆಗೇ ಹೋಗಿ ನೋಡಿಕೊಳ್ಳುವ ಪಾಲಿಯೇಟಿವ್ ನರ್ಸ್ ನಾನು. ಕೇರಳ ಸರಕಾರ 2008ರಲ್ಲಿ ಈ ಆರೈಕೆಗೆಂದೇ ಒಂದು ನೀತಿಯನ್ನು ತಂದ ಮೇಲೆ ನಮ್ಮ ಕೆಲಸ ಊರವರಿಗೆಲ್ಲ ಪರಿಚಿತವಾಗಿದೆ. ನಾನು ಕ್ರೈಸ್ತಳಲ್ಲ, ಆದರೂ ಎಲ್ಲರೂ ‘ಸಿಸ್ಟರ್’ ಎಂದು ಕರೆಯುವುದರಿಂದ, ಬೇಳದ ಕಡೆಯ ಕೊಂಕಣಿ ಕ್ರೈಸ್ತರ ಮನೆಗಳಲ್ಲಿ ಯಾವ ಕಾನ್ವೆಂಟಿನವರೆಂದು ವಿಚಾರಿಸಿದ ಅಜ್ಜಿಯರೂ ಇದ್ದಾರೆ.

ಮೊದಲ ವರ್ಷಗಳಲ್ಲಿ ನೋವು, ನಿದ್ದೆ, ಮಲಬದ್ಧತೆಗಳನ್ನು ಕೇಳಿ ಬರೆದುಕೊಂಡು, ದೇವರ ವಿಷಯವನ್ನು ಮನೆಯವರಿಗೆ ಬಿಟ್ಟುಬಿಡುತ್ತಿದ್ದೆ. ಹೊಟ್ಟೆಯ ಕ್ಯಾನ್ಸರಿನ ಒಬ್ಬ ಅಜ್ಜಿ ನನ್ನ ಕೈ ಹಿಡಿದು “ಕುಮ್ಸಾರ್” ಎಂದು ಎರಡು ಮೂರು ಸಲ ಹೇಳಿದ್ದರು. ಅದು ಫಾದರ ಮುಂದೆ ತಪ್ಪುಗಳನ್ನು ಹೇಳಿಕೊಳ್ಳುವ ಪಾಪನಿವೇದನೆಯ ಕೊಂಕಣಿ ಹೆಸರೆಂದು ತಿಳಿಯದೆ ನಾನು ಸುಮ್ಮನೆ ತಲೆಯಾಡಿಸಿದ್ದೆ. ಫಾದರ್ ಬಂದರೆ ಅಮ್ಮ ಹೆದರಿಯಾರೆಂದು ಮಕ್ಕಳು ಮುಂದೂಡಿದಾಗಲೂ ನಾನು ಹೌದೆಂದೆ. ಕೊನೆಗೆ ಒಂದು ರಾತ್ರಿ ಫಾದರ್ ಬಂದಾಗ ಅಜ್ಜಿಗೆ ಪ್ರಜ್ಞೆಯಿರಲಿಲ್ಲ. ಎಚ್ಚರವಿದ್ದಿದ್ದರೆ ಕೇಳುತ್ತಿದ್ದವರಿಗೆ ಅಭ್ಯಂಗವನ್ನು, ಎಂದರೆ ರೋಗಿಗೆ ಪವಿತ್ರ ಎಣ್ಣೆ ಹಚ್ಚುವ ಸಂಸ್ಕಾರವನ್ನು, ಕೊಡಬಹುದಾದ್ದರಿಂದ ಅದೇನೋ ನಡೆಯಿತು. ಪಾಪನಿವೇದನೆಯೂ, ಯೇಸುವಿನ ದೇಹವೆಂದು ಸ್ವೀಕರಿಸುವ ರೊಟ್ಟಿಯಾದ ಪರಮಪ್ರಸಾದವೂ ಸಾಧ್ಯವಾಗಲಿಲ್ಲ.

ಆ ಫಾದರಿಂದಲೇ ನಾನು ಉಳಿದದ್ದನ್ನು ಕಲಿತೆ. ಎಣ್ಣೆ ಹಚ್ಚುವ ಈ ಸಂಸ್ಕಾರ ಕೊನೆಯುಸಿರಿನವರಿಗೆ ಮಾತ್ರ ಮೀಸಲಲ್ಲವೆಂದು ಕ್ಯಾಥೋಲಿಕರ ಎರಡನೆಯ ವ್ಯಾಟಿಕನ್ ಮಹಾಸಭೆ 1963ರಲ್ಲಿಯೇ ಹೇಳಿದೆ. ಕಾಯಿಲೆ ಉಲ್ಬಣಿಸಿದರೆ ಅದನ್ನು ಮತ್ತೊಮ್ಮೆಯೂ ಕೊಡಬಹುದು. ಸಾಯುವವರಿಗೆಂದೇ ಇರುವುದು ಕೊನೆಯ ಪರಮಪ್ರಸಾದ. ಅದರ ಲ್ಯಾಟಿನ್ ಹೆಸರಾದ ವಿಯಾಟಿಕುಮ್ ಎಂದರೆ ದಾರಿಯ ಬುತ್ತಿ. ಬುತ್ತಿಯನ್ನು ತಿನ್ನಲು ನುಂಗುವ ಶಕ್ತಿ ಉಳಿದಿರಬೇಕಲ್ಲವೇ?

ಈಗ ಮೊದಲ ಭೇಟಿಯಲ್ಲಿಯೇ, ಔಷಧಿಯ ಪ್ರಶ್ನೆಗಳ ನಡುವೆ, ಫಾದರನ್ನು ಯಾವಾಗ ನೋಡಬೇಕೆಂದಿದೆ ಎಂದು ರೋಗಿಯನ್ನೇ ಕೇಳುತ್ತೇನೆ, ಒಪ್ಪಿದರೆ ವಾಡೆಯ ಗುರ್ಕಾರರ, ಎಂದರೆ ಚರ್ಚಿನ ಆ ವಠಾರದ ಮುಖಂಡರ ಮೂಲಕ ಹೇಳಿಕಳಿಸುತ್ತೇನೆ. ನಾಲ್ಕು ಗಂಟೆಗೊಮ್ಮೆ ಕೊಡುವ ಮಾರ್ಫಿನನ್ನು, ಎಚ್ಚರವಿರಲೆಂದು ಆ ದಿನ ತಪ್ಪಿಸುವವರಿದ್ದಾರೆ. ನೋವನ್ನು ಯೇಸುವಿಗೆ ಅರ್ಪಿಸಬೇಕೆಂದು ಬೇಡವೆನ್ನುವವರೂ ಇದ್ದಾರೆ. ಔಷಧಿಯಿಂದ ನೋವು ನಿವಾರಿಸಿಕೊಳ್ಳುವುದು ಸಮ್ಮತವೆಂದು ಪೋಪ್ ಹನ್ನೆರಡನೆಯ ಪಯಸ್ 1957ರಲ್ಲಿ ಹೇಳಿದ್ದನ್ನು ನಾನು ಹೇಳಿದರೆ ನಂಬರು, ಫಾದರ್ ಹೇಳಿದರೆ ನಂಬುತ್ತಾರೆ. ನೋವಿನಲ್ಲಿ ನರಳುವವರಿಗೆ ಪ್ರಾರ್ಥನೆಯ ಒಂದು ಸಾಲೂ ಕೇಳಿಸುವುದಿಲ್ಲವೆಂಬುದು ನಾನು ಕಣ್ಣಾರೆ ಕಂಡದ್ದು. ಆದುದರಿಂದ ಮಾತ್ರೆಯನ್ನು ತಪ್ಪಿಸದೆ, ರೋಗಿ ದಿನದಲ್ಲಿ ಹೆಚ್ಚು ಎಚ್ಚರವಾಗಿರುವ ಹೊತ್ತನ್ನು ನೋಡಿ ಫಾದರಿಗೆ ತಿಳಿಸುತ್ತೇನೆ. ಫಾದರ್ ಬರುವ ಮೊದಲು ಒದ್ದೆ ಹತ್ತಿಯಿಂದ ಬಾಯಿಯನ್ನು ಒರೆಸಿ, ತಲೆದಿಂಬನ್ನು ಎತ್ತರಿಸಿ, ಪರಮಪ್ರಸಾದದ ಚೂರು ಇಳಿಯಲು ಒಂದು ಚಮಚ ನೀರನ್ನು ಇಟ್ಟಿರುತ್ತೇನೆ. ಪಾಪನಿವೇದನೆಯ ಹೊತ್ತಿಗೆ ಮನೆಯವರೊಂದಿಗೆ ನಾನೂ ಅಂಗಳಕ್ಕೆ ಇಳಿಯುತ್ತೇನೆ.

ಇತ್ತೀಚೆಗೆ ಒಬ್ಬ ಅಡಿಕೆ ಕೃಷಿಕರ ಮಡಚಿಕೊಂಡಿದ್ದ ಬೆರಳುಗಳನ್ನು ಬಿಸಿನೀರಿನ ಬಟ್ಟೆಯಿಂದ ಒಂದೊಂದಾಗಿ ಬಿಡಿಸಿಕೊಟ್ಟೆ. ಎಣ್ಣೆಯನ್ನು ಹಣೆಗೂ ಎರಡೂ ಕೈಗಳಿಗೂ ಹಚ್ಚಬೇಕಿತ್ತು. ಫಾದರ್ ಹೊರಟ ಮೇಲೆ ಮೈ ಒರೆಸಲು ಹೋದರೆ ಅವರು ಅಂಗೈಗಳನ್ನು ಎದೆಗೆ ಒತ್ತಿಕೊಂಡು, “ಇದು ಇವತ್ತು ಇರಲಿ, ಸಿಸ್ಟರ್” ಎಂದರು. ಕೈ ಒರೆಸುವುದು ನಾಳೆಗೆ ಎಂದು ಪುಸ್ತಕದಲ್ಲಿ ಬರೆದು ಬಂದೆ.