ಕೋಳಿಮರಿಗಳನ್ನು ಹೊರಗಿನ ಗೂಡಿಗೆ ಹಾಕುವ ಮುನ್ನ ಕುತ್ತಿಗೆ ನೋಡಿ

"ಮರಿಗಳಿಗೆ ಐದು ವಾರ ಆಯ್ತು, ಹೊರಗೆ ಹಾಕಬಹುದಾ?" ಅಂತ ಯಾರಾದರೂ ಕೇಳಿದರೆ ನಾನು ಕುತ್ತಿಗೆ ನೋಡಿ ಅಂತೀನಿ. ಗರಿ ಮೊದಲು ಮೂಡುವುದು ರೆಕ್ಕೆಗೆ, ಆಮೇಲೆ ಬಾಲ, ಬೆನ್ನು, ಎದೆ. ತಲೆ, ಕುತ್ತಿಗೆಯ ತುಪ್ಪಳ ಉದುರುವುದು ಕಡೆಗೆ. ಮರಿಯನ್ನು ಕೈಯಲ್ಲಿ ಹಿಡಿದು ಕುತ್ತಿಗೆಯ ಹಿಂದೆ ಮೆಲ್ಲಗೆ ಊದಿ. ಹತ್ತಿಯಂಥ ತುಪ್ಪಳವೇ ಕಂಡರೆ ಇನ್ನೂ ಕಾಯಿರಿ. ಹೊಟ್ಟೆಯ ಅಡಿಯನ್ನೂ ನೋಡಿ. ಮಾಂಸದ ತಳಿಗಳಲ್ಲಿ ಮೈ ದಬದಬ ಬೆಳೆದು ಅಲ್ಲಿ ಬೋಳಾಗಿಯೇ ಇರುತ್ತದೆ. ಬಹುಪಾಲು ತಳಿಗಳಿಗೆ ಪೂರ್ತಿ ಗರಿ ಬರಲು ಆರು ವಾರ ಬೇಕು.

ಗರಿ ಬಂದರೂ ಕಾವು ಬಿಡಿಸದೆ ಹೊರಗೆ ಹಾಕಬೇಡಿ. ಜನ ಅವಸರ ಮಾಡುವುದು ಇಲ್ಲೇ. ಬ್ರೂಡರಿನಲ್ಲಿ, ಅಂದರೆ ಬಲ್ಬಿನ ಕಾವು ಕೊಟ್ಟು ಮರಿ ಸಾಕುವ ಪೆಟ್ಟಿಗೆಯಲ್ಲಿ, ಮೊದಲ ವಾರ ಮರಿಗಳ ಬೆನ್ನಿನ ಮಟ್ಟದಲ್ಲಿ ಸುಮಾರು 35 ಡಿಗ್ರಿ ಸೆಲ್ಸಿಯಸ್ ಬೇಕು. ಅಲ್ಲಿಂದ ವಾರಕ್ಕೆ 3 ಡಿಗ್ರಿಯಂತೆ ಇಳಿಸುತ್ತಾ ಬನ್ನಿ, ಅಂದರೆ ಬಲ್ಬನ್ನು ಸ್ವಲ್ಪ ಸ್ವಲ್ಪವೇ ಮೇಲಕ್ಕೆ ಕಟ್ಟಿ. ಥರ್ಮಾಮೀಟರಿಗಿಂತ ಮರಿಗಳನ್ನು ನಂಬುವವಳು ನಾನು. ಬಲ್ಬಿನಡಿ ಒತ್ತಿಕೊಂಡು ಚೀರುತ್ತಿದ್ದರೆ ಚಳಿ. ಅಂಚಿಗೆ ಹೋಗಿ ಕೊಕ್ಕು ತೆರೆದು ಏದುತ್ತಿದ್ದರೆ ಸೆಕೆ. ಎಲ್ಲೆಂದರಲ್ಲಿ ಕಾಲು ಚಾಚಿ ಮಲಗಿದ್ದರೆ ಸರಿಯಾಗಿದೆ. ಐದನೇ ವಾರದಲ್ಲಿ ಹಗಲು ಬಲ್ಬು ಆರಿಸಿ, ಆಮೇಲೆ ರಾತ್ರಿಯೂ. ಬ್ರೂಡರಿನೊಳಗೇ ಮೂರ್ನಾಲ್ಕು ರಾತ್ರಿ ಬಲ್ಬಿಲ್ಲದೆ ನೆಮ್ಮದಿಯಾಗಿ ಮಲಗಿದ ಮೇಲಷ್ಟೇ ಗೂಡಿನ ಮಾತು. ಹೊರಗೆ ಚಳಿ ಜೋರಿದ್ದರೆ, ಮಳೆ ಹಿಡಿದಿದ್ದರೆ ಇನ್ನೊಂದು ವಾರ ತಡೆಯಿರಿ. ಗೂಡಿನಲ್ಲೇ ಬಲ್ಬು ನೇತುಹಾಕಿದರಾಯ್ತು ಅನ್ನುವವರಿದ್ದಾರೆ. ನೆಲಕ್ಕೆ ಹಾಸಿದ ಒಣ ಹೊಟ್ಟು, ದೂಳು, ಹಾರಾಡುವ ಮರಿಗಳ ನಡುವೆ ಕಾದ ಬಲ್ಬು ಇಟ್ಟು ನನಗಂತೂ ನಿದ್ದೆ ಬಾರದು.

ನಾಲ್ಕನೇ ವಾರದಿಂದ ಬಿಸಿಲಿದ್ದು ಗಾಳಿಯಿಲ್ಲದ ಹೊತ್ತಿನಲ್ಲಿ ಅರ್ಧ ಗಂಟೆ ಹುಲ್ಲಿನ ಮೇಲೆ ಬಿಡಿ. ನೆರಳು, ನೀರು, ಮೇಲೊಂದು ಬಲೆ ಇರಲಿ. ಕಾಗೆ, ಹದ್ದುಗಳ ಕಣ್ಣು ತುಂಬಾ ಚುರುಕು. ಹುಲ್ಲು, ಹುಳ ತಿನ್ನತೊಡಗಿದವೆಂದರೆ ಅರೆಯಲು ಹೊಟ್ಟೆಗೆ ಸಣ್ಣ ಕಲ್ಲು ಬೇಕು. ಒಂದು ಬಟ್ಟಲಲ್ಲಿ ದಪ್ಪ ಮರಳು ಇಟ್ಟುಬಿಡಿ.

ಇನ್ನು ಗೂಡು. ಆರು ಮೂಲೆ ಕಣ್ಣಿನ ತೆಳು ತಂತಿಬಲೆ ಕೋಳಿ ಹೊರಗೆ ಹೋಗದಂತೆ ತಡೆಯುತ್ತದೆ, ಅಷ್ಟೇ. ನಾಯಿ ಅದನ್ನು ಹರಿಯುತ್ತದೆ, ಹಾವು ತೂರಿ ಬರುತ್ತದೆ. ಅರ್ಧ ಇಂಚು ಕಣ್ಣಿನ, ಬೆಸುಗೆ ಹಾಕಿದ ಗಟ್ಟಿ ಜಾಲರಿಯನ್ನೇ ಹಾಕಿ. ಮುಂಗುಸಿ, ಹೆಗ್ಗಣ ಬರುವುದು ನೆಲದಡಿಯಿಂದ, ಹಾಗಾಗಿ ಜಾಲರಿಯನ್ನು ಒಂದು ಅಡಿ ಹೂಳಿ, ಇಲ್ಲವೇ ಗೂಡಿನ ಸುತ್ತ ಹೊರಮೈಗೆ ಹಾಸಿ ಮಣ್ಣು ಮುಚ್ಚಿ. ಗಾಳಿಕಿಂಡಿ ಕೋಳಿಗಳ ತಲೆಗಿಂತ ಮೇಲಿರಲಿ, ಮಲಗಿದಾಗ ಮೈಗೆ ಗಾಳಿ ಬಡಿಯಬಾರದು. ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಕುಕ್ಕರಗಾಲಲ್ಲಿ ಕೂತು ಮರಿಗಳ ಮಟ್ಟದಲ್ಲಿ ಉಸಿರೆಳೆದು ನೋಡಿ. ಮೂಗು ಚುರುಗುಟ್ಟಿದರೆ ಕಿಂಡಿ ಸಾಲದು, ಇಲ್ಲವೇ ಹೊಟ್ಟು ಒದ್ದೆಯಾಗಿದೆ. ನೆಲದ ಮೂಲೆಗಳಿಗೆ ಓರೆಯಾಗಿ ಹಲಗೆ ಇಡಿ. ಹೆದರಿದ ಮರಿಗಳು ಮೂಲೆಗೆ ನುಗ್ಗಿ ಒಂದರ ಮೇಲೊಂದು ಬಿದ್ದು, ಅಡಿಯಲ್ಲಿದ್ದವು ಉಸಿರುಕಟ್ಟಿ ಸಾಯುತ್ತವೆ.

ಬೆಳಿಗ್ಗೆಯೇ ಸಾಗಿಸಿ, ಕತ್ತಲಾಗುವುದರೊಳಗೆ ಮೇವು, ನೀರು ಎಲ್ಲಿದೆ ಅಂತ ಗೊತ್ತಾಗಿರಬೇಕು. ಹಳೆಯ ಮೇವಿನ ತಟ್ಟೆ, ನೀರಿನ ಪಾತ್ರೆಗಳೇ ಜೊತೆಗೆ ಹೋಗಲಿ. ಆ ವಾರ ಮೇವು ಬದಲಿಸಬೇಡಿ. ಸಂಜೆ ಗಲಾಟೆ ಇದ್ದೇ ಇರುತ್ತದೆ, ಕರಗಿ ಬ್ರೂಡರಿಗೆ ವಾಪಸ್ ತರಬೇಡಿ. ಕತ್ತಲಾದ ಮೇಲೆ ಟಾರ್ಚ್ ಹಿಡಿದು ಹೋಗಿ ಗುಂಪನ್ನು ಬಿಡಿಸಿ, ಒಂದೊಂದನ್ನೇ ಎತ್ತಿ ತಗ್ಗಿನ ಕೋಲಿನ ಮೇಲೆ ಕೂರಿಸಿ. ಕತ್ತಲಲ್ಲಿ ಅವು ಕೂರಿಸಿದಲ್ಲೇ ಕೂರುತ್ತವೆ. ಒಂದು ವಾರ ಬಾಗಿಲು ತೆರೆಯದೆ ಒಳಗೇ ಸಾಕಿ. ನಂತರ ಹೊತ್ತು ಮುಳುಗುವುದಕ್ಕೆ ಒಂದು ಗಂಟೆ ಮುಂಚೆ, ಹಸಿದಿರುವಾಗ ಬಿಡಿ. ಮೇವು ಗೂಡಿನೊಳಗೇ ಇರಲಿ, ತಾವಾಗೇ ಹಿಂತಿರುಗುತ್ತವೆ.

ಈ ವಯಸ್ಸಿನಲ್ಲಿ ದಿನಾ ಹಿಕ್ಕೆ ನೋಡಬೇಕು. ಅದರಲ್ಲಿ ರಕ್ತ ಕಂಡರೆ, ಮರಿ ಗರಿ ಉಬ್ಬಿಸಿಕೊಂಡು ತೂಕಡಿಸುತ್ತಿದ್ದರೆ ರಕ್ತಭೇದಿ, ಅಂದರೆ ಕಾಕ್ಸಿಡಿಯೋಸಿಸ್ ಅಂತಲೇ ಅನುಮಾನಿಸಿ. ಒದ್ದೆ ಹೊಟ್ಟಿನಲ್ಲಿ ಇದು ಬೇಗ ಹರಡುತ್ತದೆ. ನೀರಿಗೆ ಹಾಕುವ ಆಂಪ್ರೋಲಿಯಂ ಔಷಧ ಇದೆ; ಪ್ರಮಾಣ ಪಶುವೈದ್ಯರನ್ನು ಕೇಳಿ, ನಾಳೆ ನೋಡೋಣ ಅನ್ನಬೇಡಿ.

ದೊಡ್ಡ ಕೋಳಿಗಳು ಮೊದಲೇ ಇದ್ದರೆ ಎರಡು ವಾರ ನಡುವೆ ಜಾಲರಿ ಇರಲಿ, ಒಂದನ್ನೊಂದು ನೋಡಲಿ, ಕುಕ್ಕಬಾರದು. ಮೊಟ್ಟೆಕೋಳಿಯ ಮೇವಿನಲ್ಲಿ ಸುಣ್ಣದಂಶ ಸುಮಾರು ಶೇ. 4ರಷ್ಟಿರುತ್ತದೆ, ಅದನ್ನೇ ತಿಂದರೆ ಮರಿಗಳ ಮೂತ್ರಪಿಂಡ ಕೆಡುತ್ತದೆ. ಒಟ್ಟಿಗೆ ಬಿಟ್ಟ ಮೇಲೆ ಎಲ್ಲಕ್ಕೂ ಬೆಳೆಯುವ ಮರಿಗಳ ಮೇವನ್ನೇ ಹಾಕಿ, ಹೇಂಟೆಗಳಿಗೆ ಕಪ್ಪೆಚಿಪ್ಪಿನ ಚೂರು ಬೇರೆ ಬಟ್ಟಲಲ್ಲಿಡಿ. ಗಾತ್ರ ಹೆಚ್ಚುಕಡಿಮೆ ಸಮ ಆಗುವ ತನಕ ಬೆರೆಸಬೇಡಿ. ಬೆರೆಸಿದ ದಿನ ಮೇವು, ನೀರು ಎರಡೆರಡು ಕಡೆ ಇಡಿ. ಕುಕ್ಕಿಸಿಕೊಂಡು ರಕ್ತ ಬಂದ ಮರಿಯನ್ನು ಆಗಲೇ ಬೇರೆ ಮಾಡಿ. ಕೆಂಪು ಕಂಡರೆ ಉಳಿದವೂ ಅಲ್ಲಿಗೇ ಕುಕ್ಕುತ್ತವೆ.