ಹುಣಸೆ ಬೀಜ ಹಿಡಿದು ಸಂಭವನೀಯತೆ ಕಲಿತದ್ದು

ಸ್ಪರ್ಧಾತ್ಮಕ ಪರೀಕ್ಷೆಗೆ ಓದಲು ಕುಳಿತಾಗ ನನಗೆ ಮೂವತ್ತು ತುಂಬಿತ್ತು. ಶೇಕಡಾವಾರು, ಬಡ್ಡಿ, ರೈಲಿನ ವೇಗ ಎಲ್ಲವೂ ಹೇಗೋ ಕೈಗೆ ಹತ್ತಿದವು. ಸಂಭವನೀಯತೆ ಮಾತ್ರ ಹತ್ತಲಿಲ್ಲ. ಸೂತ್ರವೇನೋ ಬಾಯಿಪಾಠವಾಗಿತ್ತು: ಅನುಕೂಲ ಫಲಿತಗಳನ್ನು ಒಟ್ಟು ಫಲಿತಗಳಿಂದ ಭಾಗಿಸಬೇಕು. ಭಾಗಿಸುತ್ತಲೇ ಇದ್ದೆ, ಉತ್ತರ ತಪ್ಪುತ್ತಲೇ ಇತ್ತು.

ದಾರಿ ಸಿಕ್ಕಿದ್ದು ಊರಿನಲ್ಲಿ, ದೊಡ್ಡಮ್ಮನ ಜೊತೆ ಚೌಕಾಬಾರ ಆಡುವಾಗ. ಒಂದು ಮೈಯನ್ನು ಕಲ್ಲಿಗೆ ತಿಕ್ಕಿ ಬಿಳಿ ಮಾಡಿದ ನಾಲ್ಕು ಹುಣಸೆ ಬೀಜಗಳು. ಎಷ್ಟು ಬಿಳಿ ಬಿದ್ದವೋ ಅಷ್ಟು ಮನೆ ನಡೆ. ನಾಲ್ಕೂ ಬಿಳಿಯಾದರೆ ಚೌಕ, ಒಂದೂ ಬಿಳಿಯಿಲ್ಲದಿದ್ದರೆ ಬಾರ, ಅಂದರೆ ಎಂಟು. ಬೀಳುವುದು ಒಂದು, ಎರಡು, ಮೂರು, ನಾಲ್ಕು ಅಥವಾ ಎಂಟು; ಐದರಲ್ಲಿ ಒಂದು ಚೌಕ, ಹಾಗಾದರೆ 1/5 ಎಂದು ಲೆಕ್ಕ ಹಾಕಿ, ಅದಕ್ಕೇ ಕಾಯುತ್ತ ಕುಳಿತೆ. "ಚೌಕ ಕೇಳಿದಾಗ ಬೀಳುವುದಿಲ್ಲ ಮಗಳೇ, ಎರಡು ನೆಚ್ಚಿಕೊಂಡು ನಡೆಸು" ಎಂದ ದೊಡ್ಡಮ್ಮ ನನ್ನ ಕಾಯಿ ಹೊಡೆದು ಒಳಮನೆಗೆ ನಡೆದರು.

ಸೋತ ಸಿಟ್ಟಿನಲ್ಲಿ ಆ ರಾತ್ರಿ ಬೀಜಗಳಿಗೆ ಅ, ಆ, ಇ, ಈ ಎಂದು ಹೆಸರಿಟ್ಟೆ. ಒಂದೊಂದೂ ಎರಡು ಬಗೆಯಲ್ಲಿ ಬೀಳಬಹುದು; ಒಟ್ಟು 2×2×2×2 = 16 ಬಗೆ. ಒಂದೇ ಬಿಳಿ ಬೀಳುವುದು ನಾಲ್ಕು ಬಗೆಯಲ್ಲಿ. ಎರಡು ಬಿಳಿ ಎಂದರೆ ಅಆ, ಅಇ, ಅಈ, ಆಇ, ಆಈ, ಇಈ: ಆರು. ಮೂರು ಬಿಳಿಗೆ ಮತ್ತೆ ನಾಲ್ಕು. ಚೌಕಕ್ಕೆ ಒಂದೇ ಒಂದು, ಬಾರಕ್ಕೂ ಒಂದೇ. ಚೌಕ 1/16, ಎರಡು 6/16! ನಾನು ಎಣಿಸಿದ ಐದು ಫಲಿತಗಳು ಸಮಸಂಭವನೀಯವಾಗಿರಲೇ ಇಲ್ಲ. ಒಂದೇ ತರಹ ಕಾಣುವ ವಸ್ತುಗಳಿಗೂ ಬೇರೆ ಬೇರೆ ಹೆಸರಿಟ್ಟ ಮೇಲೆಯೇ ಎಣಿಸಲು ತೊಡಗುವುದು ಅಂದಿನಿಂದ ನನ್ನ ರೂಢಿ. ಫ್ರಾನ್ಸಿನ ಗಣಿತಜ್ಞ ಡಾಲಂಬೇರ್ ಕೂಡ 1754ರಲ್ಲಿ, ನಾಣ್ಯವನ್ನು ಎರಡು ಸಲ ಚಿಮ್ಮಿದರೆ ಒಮ್ಮೆಯಾದರೂ ಶಿರ ಬೀಳುವ ಸಂಭವನೀಯತೆ 3/4 ಅಲ್ಲ, 2/3 ಎಂದು ವಾದಿಸಿದ್ದ. ಮೊದಲ ಸಲವೇ ಶಿರ ಬಿದ್ದರೆ ಆಟ ಅಲ್ಲಿಗೇ ಮುಗಿಯಿತು, ಹಾಗಾಗಿ ಫಲಿತಗಳು ಮೂರೇ ಎಂಬುದು ಅವನ ಎಣಿಕೆ. ಓದಿ ನನಗೆ ಬಹಳ ಸಮಾಧಾನವಾಯಿತು.

ಆಮೇಲೂ ಒಂದು ಕಡೆ ಎಡವುತ್ತಿದ್ದೆ. ಚೀಲದಲ್ಲಿ ಮೂರು ಕೆಂಪು, ಎರಡು ಕಪ್ಪು ಗೋಲಿಗಳಿವೆ; ಎರಡನ್ನು ತೆಗೆದರೆ ಎರಡೂ ಕೆಂಪಾಗುವ ಸಂಭವನೀಯತೆ ಎಷ್ಟು? ಒಟ್ಟು 5×4 = 20, ಕೆಂಪು ಜೋಡಿಗಳು ಮೂರು, ಉತ್ತರ 3/20 ಎಂದು ಬರೆದಿದ್ದೆ. ಕೆಳಗೆ ಒಂದಾದ ಮೇಲೊಂದು ತೆಗೆದಂತೆ ಕ್ರಮ ಹಿಡಿದು ಎಣಿಸಿ, ಮೇಲೆ ಕ್ರಮ ಮರೆತಿದ್ದೆ. ಕ್ರಮ ಹಿಡಿದರೆ 6/20, ಬಿಟ್ಟರೆ 3/10, ಎರಡೂ ಒಂದೇ. ಈಗಲೂ ಲೆಕ್ಕದ ಮೇಲ್ಗಡೆ "ಕ್ರಮ ಉಂಟು" ಅಥವಾ "ಕ್ರಮ ಇಲ್ಲ" ಎಂದು ಪೆನ್ಸಿಲಿನಲ್ಲಿ ಗೀಚಿಕೊಳ್ಳುತ್ತೇನೆ.

"ಕನಿಷ್ಠ ಒಂದು" ಎಂಬ ಪ್ರಶ್ನೆಗೂ ಬೀಜಗಳೇ ನೆರವಾದವು. ಚೌಕ ಅಥವಾ ಬಾರ ಬಿದ್ದರೆ ಇನ್ನೊಂದು ಆಟ ಸಿಗುತ್ತದೆ. ಅದರ ಸಂಭವನೀಯತೆ 1/8. ನಾಲ್ಕು ಎಸೆತಗಳಲ್ಲಿ ಒಮ್ಮೆಯಾದರೂ ಬೀಳಲು 4/8 ಎಂದು ಕೂಡಿಸುವ ಆಸೆ ಯಾರಿಗೂ ಆಗುತ್ತದೆ. ಹಾಗೆ ಕೂಡಿಸುತ್ತ ಹೋದರೆ ಹತ್ತು ಎಸೆತಕ್ಕೆ 10/8, ಖಚಿತಕ್ಕಿಂತಲೂ ಖಚಿತ! ಒಮ್ಮೆಯೂ ಬೀಳದಿರುವುದನ್ನು ಕಂಡುಹಿಡಿದು 1ರಿಂದ ಕಳೆಯಬೇಕು. ನಾಲ್ಕು ಸಲವೂ ಕೈಕೊಡುವುದು 7/8ರ ನಾಲ್ಕನೇ ಘಾತ, 2401/4096. ಕಳೆದರೆ 1695/4096, ಸುಮಾರು 0.41.

ಇಷ್ಟೆಲ್ಲ ಕಲಿತ ಹುಮ್ಮಸ್ಸಿನಲ್ಲಿ ಅಕ್ಕನ ಮಗನನ್ನು ಕೂರಿಸಿಕೊಂಡು ಅದೇ ಬೀಜಗಳನ್ನು ಒಂದು ಮಧ್ಯಾಹ್ನವಿಡೀ ಎಸೆದು ಗೆರೆ ಹಾಕಿದೆ. ಎರಡೇ ಹೆಚ್ಚು ಬಿತ್ತು, ಸರಿ. ಆದರೆ ಸಮವಾಗಿ ಬೀಳಬೇಕಿದ್ದ ಚೌಕ ಮತ್ತು ಬಾರಗಳಲ್ಲಿ ಚೌಕ ಬಹಳ ಮುಂದಿತ್ತು. ತಿಕ್ಕಿದ ಮೈ ಚಪ್ಪಟೆ, ಇನ್ನೊಂದು ಉಬ್ಬು. ಬೀಜ ಬಿಳಿಯ ಕಡೆಗೇ ವಾಲುತ್ತಿತ್ತು. ಬಿಳಿ ಬೀಳುವುದು 0.5 ಅಲ್ಲ, 0.6 ಎಂದು ಇಟ್ಟುಕೊಂಡರೂ ಸಾಕು: ಚೌಕ 0.1296, ಬಾರ 0.0256, ಐದು ಪಟ್ಟಿನ ಅಂತರ. ಪ್ರಶ್ನೆಪತ್ರಿಕೆಯ "ಪಕ್ಷಪಾತವಿಲ್ಲದ ನಾಣ್ಯ" ಎಂಬ ಮಾತನ್ನು ಅಲ್ಲಿಯವರೆಗೆ ನಾನು ಅಲಂಕಾರವೆಂದು ದಾಟಿ ಹೋಗುತ್ತಿದ್ದೆ.