ಕಾಲಯಾನದ ಕಥೆಯ ತರ್ಕವನ್ನು ಚರ್ಚಿಸುವ ಬಗೆ

2017ರಿಂದ 2020ರವರೆಗೆ ಮೂರು ಸೀಸನ್‌ಗಳಲ್ಲಿ ಬಂದ ಜರ್ಮನ್ ಸರಣಿ ‘ಡಾರ್ಕ್’ನ ಕಥೆ ತಪ್ಪಿದೆ ಎಂದು ವಾದಿಸುವ ಮೊದಲು, ಅದು ತಾನೇ ಹಾಕಿಕೊಂಡ ನಿಯಮವನ್ನು ಬರೆದಿಟ್ಟುಕೊಳ್ಳಿ: ಕಥೆಯಲ್ಲಿ ಬರುವ ಗುಹೆಯೊಳಗಿನ ದಾರಿ 33 ವರ್ಷಗಳ ಅಂತರದ ಕಾಲಗಳನ್ನು ಜೋಡಿಸುತ್ತದೆ. ಬಳಿಕ 1953, 1986, 2019 ಎಂದು ಮೂರು ಕಲಂ ಎಳೆದು, ಪ್ರತಿ ಪಾತ್ರದ ವಯಸ್ಸನ್ನು ತುಂಬಿ. 2019ರಲ್ಲಿ ಕಾಣೆಯಾದ ಬಾಲಕ ಮಿಕೆಲ್ 1986ಕ್ಕೆ ಹೋಗಿ, ಅಲ್ಲೇ ಬೆಳೆದು ಕಥಾನಾಯಕ ಯೋನಾಸ್‌ನ ತಂದೆಯಾಗುವುದು ವಿಚಿತ್ರವೇ ಹೊರತು ತಪ್ಪಲ್ಲ; ಲೆಕ್ಕ ಕೂಡಿಬರುತ್ತದೆ. ಷಾರ್ಲೋಟ್ ಮತ್ತು ಎಲಿಜಬೆತ್ ಒಬ್ಬರಿಗೊಬ್ಬರು ತಾಯಿಯೂ ಮಗಳೂ ಆಗಿರುವುದು ಬೇರೆಯೇ ಬಗೆಯ ಪ್ರಶ್ನೆ: ಇಲ್ಲಿ ಘಟನೆಗಳು ಒಂದನ್ನೊಂದು ಅಲ್ಲಗಳೆಯುವುದಿಲ್ಲ, ಆದರೆ ಆ ಸರಪಳಿಗೆ ಮೊದಲ ಕೊಂಡಿಯೇ ಇಲ್ಲ. ನನ್ನ ಮಟ್ಟಿಗೆ ಸರಣಿಯ ಅತ್ಯಂತ ಸುಂದರವಾದ ಗಂಟು ಇದೇ. ಎದುರಿನವರು “ಇದು ಅಸಾಧ್ಯ” ಎಂದಾಗ, ನಮ್ಮ ಲೋಕದ ಭೌತಶಾಸ್ತ್ರದ ಪ್ರಕಾರವೋ, ಕಥೆಯ ನಿಯಮದ ಪ್ರಕಾರವೋ ಎಂದು ವಿಚಾರಿಸಿ. ಎರಡನೆಯದಾದರೆ, ನಿಯಮ ಮುರಿದ ದೃಶ್ಯವನ್ನು ತೋರಿಸುವಂತೆ ಕೇಳಿ.